ಕೆಳಗಿನಿಂದ ಏರುವ ಎಣ್ಣೆ

ಜನೆವರಿ 5, ಸೋಮವಾರ

ಮನೆಯಲ್ಲಿ ಸದ್ಯ ಎರಡು ಕಾಲು ಕೆಟ್ಟಿವೆ. ಒಂದು ಅಬ್ಬಾನದು, ಇನ್ನೊಂದು ಅವನ ದೋಣಿಯ ಮೋಟಾರಿನದು. ಅಬ್ಬಾನ ಕಾಲಿಗೆ ವಿಜಯಪುರದಲ್ಲಿ ಪ್ಲಾಸ್ಟರ್ ಮೆತ್ತಿ ಕಳಿಸಿದ್ದಾರೆ. ಮೋಟಾರಿನ ಕಾಲಿಗೆ ಈ ಜಿಲ್ಲೆಯಲ್ಲೇ ವೈದ್ಯರಿಲ್ಲ.

ದೋಣಿಯ ಹಿಂದೆ ನೇತುಬೀಳುವ ಮೋಟಾರಿಗೆ ನೀರಿನೊಳಗೆ ಇಳಿಯುವ ಒಂದು ಉದ್ದನೆಯ ಕಾಲಿದೆ. ಕಾಲಿನ ತುದಿಗೆ ತಿರುಗುವ ಪಂಖಾ, ಅದರ ಬೆನ್ನಿಗೇ ಎಣ್ಣೆ ತುಂಬಿದ ಗೇರಿನ ಡಬ್ಬಿ. ಆ ಗೇರು ಕೆಲವು ದಿನದಿಂದ ಕಟಕಟ ಅಂದು ಜಾರುತ್ತಿತ್ತಂತೆ. ಹೋದ ವಾರ ಮೆಟ್ಟಿಲಿನ ಹತ್ತಿರ ಬರುವಾಗ ಜಾರಿ ಮತ್ತೆ ಕಚ್ಚಿಕೊಂಡಿದೆ, ದೋಣಿ ಜಗ್ಗಿದೆ, ಹಗ್ಗ ಹಿಡಿದು ನಿಂತಿದ್ದ ಅಬ್ಬಾ ಕಲ್ಲಿನ ಮೇಲೆ ಬಿದ್ದಿದ್ದಾನೆ.

ಊರವರಿಗೆ ನಾನು ರಜೆಯ ಮೇಲೆ ಬಂದಿದ್ದೇನೆ ಎಂದು ಹೇಳಿದ್ದೇನೆ. ಸುಳ್ಳಲ್ಲ. ರಜೆಯನ್ನು ನಾನು ಕೇಳಲಿಲ್ಲ, ಕಾಲೇಜೇ ಕೊಟ್ಟಿತು, ವಾಪಸು ಬರುವ ತಾರೀಖು ಬರೆಯದೆ. ಕಾಮರ್ಸ್ ವಿಭಾಗಕ್ಕೆ ಮಕ್ಕಳು ಬರಲಿಲ್ಲ. ಲಾಭ-ನಷ್ಟ ಕಲಿಸುವವಳು ನಾನೇ ನಷ್ಟದ ಪಟ್ಟಿಗೆ ಸೇರಿದೆ. ಇರಲಿ. ಬೆಳಗಾವಿಯ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಿದೆ, ಅದೂ ಕಾಯಂ ಹುದ್ದೆಗೆ. ಫೆಬ್ರವರಿ 11. ಅಬ್ಬಾನಿಗೂ ಹೇಳಿ, ಕೆಂಪು ಪೆನ್ನು ಹುಡುಕಿ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಲ್ಲಿಯವರೆಗೆ ಇಲ್ಲಿ. ಆಮೇಲೆ ಈ ಧೂಳು, ಈ ಎಮ್ಮೆ, ಹೊರಸಿನ ಮೇಲೆ ಮಲಗಿದ ಈ ಸುಲ್ತಾನ, ಎಲ್ಲಕ್ಕೂ ಖುದಾ ಹಾಫಿಜ್.

ಸುಲ್ತಾನನ, ಅಂದರೆ ಅಬ್ಬಾನ, ಚಿಂತೆ ಕಾಲಿನದಲ್ಲ. ಕಾಲುವೆ ನೀರು ಬಂದು ನಮ್ಮೂರ ಕೆರೆ ತುಂಬಿದ ಮೇಲೆ ದ್ರಾಕ್ಷಿ ತೋಟಗಳೆಲ್ಲ ಆಚೆ ದಂಡೆಗಾದವು. ಕೂಲಿಯ ಹೆಂಗಸರು ಅಬ್ಬಾನ ದೋಣಿಯಲ್ಲಿ ದಾಟಿ ಹೋಗುತ್ತಾರೆ. ಇಲ್ಲದಿದ್ದರೆ ಟಿಕೋಟಾ ರಸ್ತೆ ಹಿಡಿದು ಕೆರೆಯನ್ನೆಲ್ಲ ಬಳಸಬೇಕು. ಈ ವರ್ಷ ಪಂಚಾಯ್ತಿ ಅಧ್ಯಕ್ಷ ಖಂಡಪ್ಪ, ಹಳೆಯ ದೋಣಿಗೆ ಸುಮ್ಮನೆ ಪರವಾನಗಿ ಕೊಡುವುದಿಲ್ಲ ಅಂದಿದ್ದಾನೆ. ಫೆಬ್ರವರಿ 9ಕ್ಕೆ ದೋಣಿಯ ಪರೀಕ್ಷೆಗೆ ಬಬಲೇಶ್ವರದಿಂದ ತಾಲೂಕಿನ ಸಾಹೇಬರು ಬರುತ್ತಾರೆ. ಮಂದಿ ತುಂಬಿಕೊಂಡು ಆಚೆ ಹೋಗಿ ಈಚೆ ಬರಬೇಕು. ನಡುವೆ ಎಲ್ಲಿಯಾದರೂ ನಿಂತರೆ ದೋಣಿಯ ಕಥೆಯೂ ಅಲ್ಲಿಗೇ ನಿಂತಿತು.

"ನೀ ಅದೀಯಲ್ಲ," ಅಂದ ಅಬ್ಬಾ.

"ನಾ ನೆಲದ ಮ್ಯಾಲಿನ ಕೆಲಸಕ್ಕ ಅಷ್ಟ. ನೀರಿಗೆ ಇಳಿಯಾಕಿ ಅಲ್ಲ."

"ನೆಲದ ಮ್ಯಾಲ ದೋಣಿ ಯಾರ್ ನಡಸ್ತಾರ ಲೇ?"

ಅಬ್ಬಾನಿಗೆ ಪ್ರೀತಿ ಉಕ್ಕಿದರೆ ಉರ್ದು, ಸಿಟ್ಟು ಬಂದರೆ ಕನ್ನಡ. ನಾನು ಬಂದಾಗಿನಿಂದ ಮನೆಯಲ್ಲಿ ಅಚ್ಚಗನ್ನಡ.

ಜನೆವರಿ 9, ಶುಕ್ರವಾರ

ಭಾಗಪ್ಪ ಕಾಕಾ ಮೋಟಾರು ಕಳಚಿ ತಂದ. ಇವನು ಅಬ್ಬಾನ ದೋಣಿಯ ಇನ್ನೊಬ್ಬ ಆಳು: ಹುಟ್ಟು ಹಾಕುತ್ತಾನೆ, ಮಂದಿಯನ್ನು ಹತ್ತಿಸಿ ಇಳಿಸುತ್ತಾನೆ, ಮೋಟಾರು ಮಾತ್ರ ಮುಟ್ಟುವುದಿಲ್ಲ. "ಅದಕ್ಕೂ ನನಗೂ ಮಾತಿಲ್ಲ" ಅನ್ನುತ್ತಾನೆ, ದಾಯಾದಿಯ ಬಗ್ಗೆ ಹೇಳುವ ಹಾಗೆ.

ಮೋಟಾರನ್ನು ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಹಲಗೆಗೆ ಬಿಗಿದು ನಿಲ್ಲಿಸಿದೆವು. ಎಮ್ಮೆ ಮೇವು ಬಿಟ್ಟು ಅದನ್ನೇ ನೋಡುತ್ತಿತ್ತು. ನನಗಿಂತ ಅದಕ್ಕೇ ಹೆಚ್ಚು ತಿಳಿದಂತೆ ಕಂಡಿತು. ಅಬ್ಬಾ ಪಡಸಾಲೆಯ ಹೊರಸಿನಿಂದ ಸೇನಾಪತಿಯ ಹಾಗೆ ಕೈ ಎತ್ತಿದ.

"ಮೊದಲ ಹಳೇ ಎಣ್ಣಿ ತಗಿ. ಕೆಳಗಿನ ಸ್ಕ್ರೂ ತಿರುಗಿಸು."

"ತಿರುಗವಲ್ದು."

"ನೀ ತಿರುಗಾಕತ್ತಿ, ಸ್ಕ್ರೂ ಅಲ್ಲೇ ನಿಂತೈತಿ. ಎಡಕ್ಕ ಬೇ, ಎಡಕ್ಕ."

ಕಡೆಗೆ ತಿರುಗಿತು. ಆಮೇಲೆ ಮೇಲಿನ ಸ್ಕ್ರೂ ಸಡಿಲಿಸಿದ ಕೂಡಲೇ ಕೆಳಗಿನ ತೂತಿನಿಂದ ಎಣ್ಣೆ ಇಳಿಯತೊಡಗಿತು. ಎಣ್ಣೆ ಅಂದರೆ ಜೇನಿನ ಬಣ್ಣದ್ದು ಎಂದುಕೊಂಡಿದ್ದೆ. ಬಂದದ್ದು ಸ್ಟ್ಯಾಂಡಿನ ಹೋಟೆಲಿನ ಚಹಾ, ಕೆನೆ ಸಮೇತ.

ಭಾಗಪ್ಪ ಕಾಕಾ ಬಗ್ಗಿ ನೋಡಿದ. "ಸೈಫುಭಾಯಿ, ನಿನ್ನ ಮೋಟಾರ ಹಾಲು ಕೊಡಾಕತ್ತೈತಿ. ಡೇರಿಗೆ ಹಾಕೂಣೇನು?"

"ನೀರಾಗ ಇರೂದು, ಒಂದೀಟು ನೀರು ಕುಡದಿರತೈತಿ," ಅಂದ ಅಬ್ಬಾ. "ಹೊಸಾ ಎಣ್ಣಿ ಹಾಕಿದ್ರ ಆತು."

ನಾನು ಫೋನಿನಲ್ಲಿ ಹುಡುಕಿದೆ. ಎಣ್ಣೆ ಬೆಳ್ಳಗಾದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಎಣ್ಣೆ ಹಾಲಾದರೆ ಗೇರು ಹಾಳು. ಈ ಮಾತು ಹೊಳೆದಾಗ ಎಷ್ಟು ಖುಷಿಯಾಯಿತೆಂದರೆ ಎಮ್ಮೆಗೂ ಹೇಳಿದೆ.

ಕೈಯೆಲ್ಲ ಎಣ್ಣೆಯ ಕಮಟು. ಸಬಕಾರ ಹಚ್ಚಿ ತೊಳೆದರೂ ಹೋಗುತ್ತಿಲ್ಲ. ಸಂದರ್ಶನಕ್ಕೆ ಒಂದು ಅಕ್ಷರವೂ ಓದಲಿಲ್ಲ, ನಾಳೆಯಿಂದ ಗಟ್ಟಿಯಾಗಿ.

ಜನೆವರಿ 12, ಸೋಮವಾರ

ವಿಜಯಪುರ. ಸ್ಟೇಷನ್ ರಸ್ತೆಯಲ್ಲಿ ಅಮೀನಸಾಬರ ಅಂಗಡಿ, ಬೋರಿನ ಪಂಪು, ಟ್ರ್ಯಾಕ್ಟರು, ಫಟಫಟಿ ಎಲ್ಲದರ ಸಾಮಾನೂ ಸಿಗುವ ಜಾಗ. ಗೇರಿನ ಎಣ್ಣೆ ಬೇಕು ಅಂದೆ.

"ಯಾವ ಗಾಡಿದು?"

"ದೋಣಿದು."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತಂಗೀ, ಈ ಅಂಗಡಿಗೆ ಮೋಟಾರ ಒಣಗೇತಿ ಅಂತ ಬರೂ ಮಂದೀನ ಎಲ್ಲಾ. ತೊಯ್ದೈತಿ ಅಂತ ಬಂದಾಕಿ ನೀ ಒಬ್ಬಾಕಿ."

ನೀರಿನಲ್ಲಿ ಮುಳುಗುವ ಗೇರಿಗೆ ಬೇರೆಯೇ ಎಣ್ಣೆ ಇದೆಯಂತೆ, ಟ್ರ್ಯಾಕ್ಟರಿನದು ನಡೆಯದಂತೆ. ಅವರ ಷಡ್ಡಕ ಕಾರವಾರದಲ್ಲಿ ಇದೇ ವ್ಯಾಪಾರದಲ್ಲಿದ್ದಾನೆ, ಬಸ್ಸಿನ ಮೇಲೆ ಕಳಿಸುತ್ತಾನೆ ಅಂದರು. ನಾನು ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಕರೆದು ಕೇಳಿದರು: "ಸ್ಕ್ರೂದ ಕೊಳ್ಳಾಗ ವಾಶರ್ ಅದಾವಿಲ್ಲ?"

ನೋಡಿಲ್ಲ ಅಂದೆ. "ಅವನ್ನೂ ತರಸ್ತೇನಿ, ಇರಲಿ," ಅಂದರು.

ಅಲ್ಲೇ ಹತ್ತಿರ ಒಂದು ಒಳ್ಳೆಯ ಫೈಲು ಕೊಂಡೆ, ಬೆಳಗಾವಿಗೆ. ದಪ್ಪ ಪ್ಲಾಸ್ಟಿಕ್ಕಿನದು, ನೀಲಿ, ಗುಂಡಿ ಹಾಕುವಂಥದು. ಸರ್ಟಿಫಿಕೇಟುಗಳೆಲ್ಲ ಅದರೊಳಗೆ ಕುಳಿತ ಮೇಲೆ ನಾನೂ ಸ್ವಲ್ಪ ಕಾಯಂ ಆದಂತೆ ಅನ್ನಿಸಿತು.

ಜನೆವರಿ 15, ಗುರುವಾರ

ಸಂಕ್ರಮಣ. ಕೆರೆಯ ದಂಡೆಯ ತುಂಬ ಸಜ್ಜಿ ರೊಟ್ಟಿ, ಎಳ್ಳು ಹೋಳಿಗೆ. ಎಲ್ಲರೂ ದೋಣಿ ಎಲ್ಲಿ ಎಂದು ಕೇಳುವವರೇ. ಕೂಲಿ ಹೆಂಗಸರ ಮುಂದಾಳು ಸೋನಾಬಾಯಿ, ಮಡಿಲಿಗೆ ರೊಟ್ಟಿ ಹಾಕಿ ಹೇಳಿದಳು: "ಅಕ್ಕೋರ, ರಸ್ತಾ ಹಿಡದು ಹೋಗಿ ಹೋಗಿ ಕಾಲು ಸೇದಾಕತ್ತಾವ. ಮುಟ್ಟೂದು ತಡ ಆದ್ರ ತೋಟದ ಮುಕಾದಮ ಕೆಲಸಕ್ಕ ಹಚ್ಚಂಗಿಲ್ಲ. ನಿಮ್ಮ ಅಪ್ಪನ ಕಾಲು ಬ್ಯಾಡ, ಮೋಟಾರಿನ ಕಾಲು ಮೊದಲ ನೆಟ್ಟಗ ಮಾಡ್ರಿ."

ಖಂಡಪ್ಪನೂ ಸಿಕ್ಕ. "ಪ್ರೊಫೆಸರ್ ಬಾಯಾರ, ದೋಣಿ ಕಲಿಸಾಕತ್ತೀರೋ, ಕಲಿಯಾಕತ್ತೀರೋ?"

"ತೇಲ್ಸಾಕತ್ತೇನಿ," ಅಂದೆ. ಉತ್ತರ ಚೆನ್ನಾಗಿತ್ತು. ಮೋಟಾರು ಮಾತ್ರ ಇನ್ನೂ ಗ್ವಾದಲಿಯಲ್ಲೇ.

ಜನೆವರಿ 18, ರವಿವಾರ

ಎಣ್ಣೆ ಬಂತು. ಕಾರವಾರದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ವಿಜಯಪುರ, ಅಲ್ಲಿಂದ ಟಿಕೋಟಾ ಬಸ್ಸಿನ ಡ್ರೈವರನ ತೊಡೆಯ ಮೇಲೆ. ನನಗಿಂತ ಹೆಚ್ಚು ಮರ್ಯಾದೆಯ ಪ್ರಯಾಣ. ಜೊತೆಗೆ ಕಾಗದದ ಪುಡಿಕೆಯಲ್ಲಿ ಎರಡು ಸಣ್ಣ ವಾಶರು.

ಅಬ್ಬಾ ಅವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ. "ಇವೇನು, ಗೊಂಬಿ ಬಳಿ? ಭಾಗಪ್ಪಾ, ಸುತಳಿ ತಾ."

ಅಬ್ಬಾ ದೋಣಿ ಕೊಳ್ಳುವ ಮುಂಚೆ ಊರೂರ ಬೋರಿಗೆ ಪೈಪು ಇಳಿಸುತ್ತಿದ್ದವನು. ಪೈಪಿನ ಮರೆಗೆ, ಅಂದರೆ ತುದಿಯ ತಿರುಪಿಗೆ, ಸುತಳಿ ಸುತ್ತಿ, ಸಫೇತಾ ಎಂಬ ಬಿಳಿ ಮೆತ್ತು ಸವರಿ ತಿರುವಿದರೆ ಹನಿ ನೀರು ಸೋರುವುದಿಲ್ಲ. ಕನಮಡಿಯಿಂದ ಕಾಖಂಡಕಿಯವರೆಗೆ ಯಾವ ಹೊಲದ ಪೈಪು ಬಿಚ್ಚಿದರೂ ಅಬ್ಬಾನ ಸುತಳಿ ಸಿಗುತ್ತದೆ. ಸ್ಕ್ರೂಗಳನ್ನು ಈಗ ಒರೆಸಿ ನೋಡಿದರೆ ಅಲ್ಲೂ ಹಳೆಯ ಸುತಳಿಯ ಎಳೆ, ಬೆಳ್ಳಗೆ ಕೊಳೆತದ್ದು. ವಾಶರು ಎಂದೋ ಕಳೆದಿವೆ.

ಅಬ್ಬಾ ಹೇಳಿದ, ನಾನು ಸುತ್ತಿದೆ. ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟದಿಂದ, ಟ್ರ್ಯಾಕ್ಟರಿಗೆ ಹಾಕುವ ಹಾಗೇ, ಮೇಲಿನ ತೂತಿನಿಂದ ಎಣ್ಣೆ ಇಳಿಸಿದೆವು. ಗುಳುಗುಳು ಅಂದು ಉಕ್ಕಿ ಹೊರಗೆ ಬಂತು. "ತುಂಬೇತಿ," ಅಂದ ಅಬ್ಬಾ. ಕಾರವಾರದ ಎಣ್ಣೆಯ ಡಬ್ಬಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಉಳಿತಾಯ ಎಂದು ಸಂಭ್ರಮಿಸಿದೆ, ಕಾಮರ್ಸಿನವಳು.

ಅಮ್ಮಿ ಶೀರಾ ಮಾಡಿದಳು. ಗೊಂಬೆಯ ಬಳೆಗಳನ್ನು ನನ್ನ ಕಿವಿಯೋಲೆಯ ಡಬ್ಬಿಗೆ ಹಾಕಿದೆ.

ಜನೆವರಿ 20, ಮಂಗಳವಾರ

ನಾನು ನೀರಿನ ಮೇಲೆ ಹೋಗಿ ಬಂದೆ. ಇದನ್ನು ನಾನೇ ಬರೆಯುತ್ತಿದ್ದೇನೆ ಎಂದು ದಾಖಲಾಗಲಿ.

ಮೋಟಾರು ಜೋಡಿಸಿದ ಮೇಲೆ ಹಿಡಿಕೆ ಹಿಡಿಯಲು ಯಾರೂ ಇಲ್ಲ. ಕಾಕಾನಿಗೂ ಅದಕ್ಕೂ ಮಾತಿಲ್ಲ. "ನಾ ಹುಟ್ಟು ಹಿಡದು ಕುಂಡರ್ತೇನಿ, ನಿಂತ್ರ ನೂಕಿಕೊಂಡ ಬರ್ತೇನಿ, ನೀ ಬರೇ ಅದರ ಕಿವಿ ಹಿಂಡು," ಅಂದ. ಈಜು ಬಾರದವಳು, ತೇಲುವ ಜಾಕೀಟು ಹಾಕಿಕೊಂಡು ಕೌದಿಯಲ್ಲಿ ಸುತ್ತಿದ ಕೂಸಿನ ಹಾಗೆ ಕುಳಿತೆ. ಹುಟ್ಟು ಹಾಕುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಮೋಟಾರಿನ ಹಗ್ಗ ಜಗ್ಗಿದೆ. ಏಳು ಸಲ ಕೆಮ್ಮಿ ಶುರುವಾಯಿತು. ಅದಕ್ಕೇ ಊರಲ್ಲಿ ಇದರ ಹೆಸರು ಗೋಲಗುಮ್ಮಟ, ಒಂದು ಮಾತನ್ನು ಏಳು ಸಲ ಆಡುತ್ತದೆ.

ಕೆರೆಯ ನಡುವೆ ಹೋಗುವವರೆಗೆ ನಾನು ಕಣ್ಣು ತೆರೆದಿರಲಿಲ್ಲ. "ಮುಚ್ಚಿದ ಕಣ್ಣಲೆ ಛಲೋ ಹೊಡಿಯಾಕತ್ತಿ," ಅಂದ ಕಾಕಾ. ತೆರೆದೆ. ಆ ದಂಡೆಯ ದ್ರಾಕ್ಷಿ ಸಾಲು, ಈ ದಂಡೆಯ ನಮ್ಮ ಮನೆಯ ತಗಡು, ನಡುವೆ ನಾನು, ಹಿಂದೆ ನಾನೇ ಕೊರೆದ ಉದ್ದನೆಯ ಗೆರೆ. ಹಿಡಿಕೆ ಕೈಯಲ್ಲಿ ಗುರುಗುಟ್ಟುತ್ತಿತ್ತು, ಸಾಕಿದ ಪ್ರಾಣಿಯ ಹಾಗೆ. ತಿರುಗಿಸಿದರೆ ಇಡೀ ಕೆರೆ ತಿರುಗುತ್ತದೆ.

ಇನ್ನೊಂದು ಸುತ್ತು ಹಾಕಿದೆವು. ಪರೀಕ್ಷೆಗಾಗಿ, ಬೇರೇನಿಲ್ಲ.

ಜನೆವರಿ 22, ಗುರುವಾರ

ಮತ್ತೆ ಹಾಲು.

ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ನೋಡಿದೆ, ಅಷ್ಟೇ. ಮೊದಲು ಒಂದು ಹನಿ ನೀರು, ಹಿಂದೆಯೇ ಬಿಳಿ. ಎರಡು ಸುತ್ತಿಗೇ ಹೀಗೆ. ಫೋನಿನಲ್ಲಿ ಅಮೀನಸಾಬರ ಕಾರವಾರದ ಷಡ್ಡಕನನ್ನೇ ಹಿಡಿದೆ. ಅವನು ಎಲ್ಲ ಕೇಳಿ, ನಗುವನ್ನು ತಡೆದುಕೊಂಡು ಹೇಳಿದ: ದಾರ ಪೈಪಿನ ಮರೆಗೆ ಸರಿ, ಇಲ್ಲಿ ಸ್ಕ್ರೂ ತಲೆಯ ಕೆಳಗೆ ವಾಶರು ಒತ್ತಿ ಕೂಡಬೇಕು, ದಾರ ಬತ್ತಿಯ ಹಾಗೆ ನೀರನ್ನು ಒಳಗೆ ಸೇದುತ್ತದೆ. ಇನ್ನೊಂದು, ಎಣ್ಣೆಯನ್ನು ಮೇಲಿನಿಂದ ಹಾಕಬಾರದು. ಒಳಗಿನ ಗಾಳಿ ಸಿಕ್ಕಿಕೊಂಡು ಅರ್ಧವೂ ತುಂಬುವುದಿಲ್ಲ, ತುಂಬಿದಂತೆ ಉಕ್ಕುತ್ತದೆ. ಕೆಳಗಿನ ತೂತಿನಿಂದ ಒತ್ತಬೇಕು. ಮೇಲಿನ ತೂತಿನಿಂದ ಎಣ್ಣೆ ಇಣುಕಿದಾಗ ಮೇಲಿನದನ್ನು ಮೊದಲು ಮುಚ್ಚಬೇಕು, ಆಮೇಲೆ ಕೆಳಗಿನದು.

ಅಬ್ಬಾನಿಗೆ ಹೇಳಿದೆ.

"ಎಣ್ಣಿ ಕೆಳಗಿಂದ ಏರತೈತಿ ಅಂತ. ನಾಳೆ ಮಳಿನೂ ನೆಲದಿಂದ ಮ್ಯಾಲ ಹೋಗತೈತಿ ಅಂತಾನ ಅಂವ."

"ಅಬ್ಬಾ, ದಾರದಿಂದ ನೀರು..."

"ನನ್ನ ದಾರ ಇಡೀ ತಾಲೂಕಿನ ನೀರು ಹಿಡದೈತಿ. ನಿನ್ನ ಗೊಂಬಿ ಬಳಿ ಹಿಡೀತಾವೇನು?"

ನಾನೂ ಸುಮ್ಮನಿರಲಿಲ್ಲ. ಅದು ಪೈಪು, ಇದು ಗೇರು. ಅದು ನೀರನ್ನು ಒಳಗೆ ಹಿಡಿಯಬೇಕು, ಇದು ಹೊರಗೆ ಇಡಬೇಕು, ಇಷ್ಟೂ ತಿಳಿಯವಲ್ದೇನು ಅಂದುಬಿಟ್ಟೆ. ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲಿ. ಅಮ್ಮಿ ಒಳಗಿನಿಂದ ಬಂದು ನಮ್ಮಿಬ್ಬರ ನಡುವೆ ಸುಮ್ಮನೆ ಕಸ ಗುಡಿಸಿದಳು.

ಜನೆವರಿ 23, ಶುಕ್ರವಾರ

ಅಬ್ಬಾ ಮಾತಾಡಲಿಲ್ಲ. ಕನ್ನಡವೂ ಇಲ್ಲ.

ಜನೆವರಿ 27, ಮಂಗಳವಾರ

ಭಾಗಪ್ಪ ಕಾಕಾನ ಜೊತೆ ಮೆಟ್ಟಿಲ ಮೇಲೆ ಕುಳಿತಿದ್ದೆ. ಅಬ್ಬಾ ಬಿದ್ದ ದಿನ ಏನಾಯಿತೆಂದು ಸರಿಯಾಗಿ ಹೇಳು ಅಂದೆ.

"ಏನ್ ಹೇಳ್ಲಿ. ಗೇರು ಹಾಕಿದ, ಬೀಳಲಿಲ್ಲ. ಮತ್ತ ಹಾಕಿದ, ಕಟಕ್ ಅಂತು, ಬಿದ್ದಂಗ ಮಾಡಿ ಜಾರ್ತು. ದಂಡಿ ಬಂತಲ್ಲ ಅಂತ ಎದ್ದು ನಿಂತ, ಆಗ ಕಚ್ಚಿಕೊಳ್ತು ನೋಡು ಹಾದರಗಿತ್ತಿ."

ಎಣ್ಣೆಯಲ್ಲಿ ನೀರು ಸೇರಿದರೆ ಗೇರಿನ ಹಲ್ಲು ಸವೆದು ಹೀಗೇ ಜಾರುತ್ತದೆ ಎಂದು ಷಡ್ಡಕ ಹೇಳಿದ್ದ. ನಾನು ಕೆರೆಯನ್ನೇ ನೋಡುತ್ತ ಲೆಕ್ಕ ಹಾಕಿದೆ. ಸುತಳಿಯಿಂದ ನೀರು, ನೀರಿನಿಂದ ಗೇರು, ಗೇರಿನಿಂದ ಕಾಲು. ಮೂರು ಸಾಲಿನ ಲೆಕ್ಕ, ತಾಳೆಯಾಗುತ್ತದೆ. ಅಬ್ಬಾನ ಕಾಲನ್ನು ಮುರಿದದ್ದು ಅಬ್ಬಾನ ಕೈ.

ಇದನ್ನು ಯಾರಿಗೂ ಹೇಳಬಾರದು. ಹೇಳಿದರೆ ವಾದದಲ್ಲಿ ನಾನು ಗೆಲ್ಲುತ್ತೇನೆ. ಗೆದ್ದು ಎಲ್ಲಿ ಇಡುವುದು.

ಸವೆದ ಹಲ್ಲಿಗೆ ಏನು ಮಾಡುವುದೆಂದೂ ಷಡ್ಡಕನನ್ನು ಕೇಳಿದೆ. ಪೂರ್ತಿ ಸವೆದಿದ್ದರೆ ಮುಗಿಯಿತು, ಸ್ವಲ್ಪ ಸವೆದಿದ್ದರೆ ಒಳ್ಳೆಯ ಎಣ್ಣೆಯಲ್ಲಿ ಇನ್ನೂ ಬಹಳ ದಿನ ನಡೆಯುತ್ತದೆ, ತೊಳೆದು ತುಂಬಿ ನೋಡ್ರಿ ಅಂದ. ನಮ್ಮದು ಸ್ವಲ್ಪ ಎಂದು ನಂಬಿದ್ದೇನೆ. ನಾವೆಗೆ ನಾವೇ ದಿಕ್ಕು.

ಫೆಬ್ರವರಿ 1, ರವಿವಾರ

ಇವತ್ತಿನದನ್ನು ಬರೆಯಲು ಕೈ ತಡೆಯುತ್ತಿಲ್ಲ, ಜಿಡ್ಡಿನ ಬೆರಳಿನಲ್ಲೇ ಬರೆಯುತ್ತಿದ್ದೇನೆ.

ಕೆಳಗಿನಿಂದ ಒತ್ತುವುದು ಸರಿ, ಯಾವುದರಿಂದ? ಅದಕ್ಕೊಂದು ಕೈಪಂಪು ಬರುತ್ತದಂತೆ, ಕಾರವಾರದಲ್ಲಿ ಮುಗಿದಿದೆ. ಕಾಕಾ ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು ತಂದ, ಅದರ ತುಂಬ ಗಂಧಕ. ದನದ ಡಾಕ್ಟರ ಸಿರಿಂಜು ತಂದ, ಎಣ್ಣೆ ದಪ್ಪ, ಸೇದಲಿಲ್ಲ. ನಾನು ಗ್ವಾದಲಿಯ ಮುಂದೆ ತಲೆಗೆ ಕೈ ಹಚ್ಚಿ ಕುಳಿತೆ.

ಅಮ್ಮಿ ಅಂಗಳದಲ್ಲಿ ಮೆಹೆಂದಿಯ ಕೋನು ಸುತ್ತುತ್ತಿದ್ದಳು. ಸುತ್ತಲಿನ ಊರುಗಳ ಮದುವೆಗೆಲ್ಲ ಇವಳ, ರೋಶನಬಿಯ, ಕೋನೇ ಬೇಕು. ಕತ್ತೆತ್ತಿ ಕೇಳಿದಳು: "ಎಣ್ಣಿ ಮೆಹೆಂದಿಗಿಂತ ದಪ್ಪ ಐತೇನು?"

ನಾನೂ ಕಾಕಾನೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅವಳ ಪ್ಲಾಸ್ಟಿಕ್ಕು ತೆಳು, ಒತ್ತಿದರೆ ಒಡೆಯುತ್ತಿತ್ತು. "ಗಟ್ಟಿ ಹಾಳಿ ಬೇಕು" ಅಂದಳು. ಮನೆಯಲ್ಲಿ ಗಟ್ಟಿ ಹಾಳೆ ಅಂದರೆ ಒಂದೇ. ಒಳಗೆ ಹೋಗಿ ನೀಲಿ ಫೈಲು ತಂದು ಕೊಟ್ಟೆ. ಕತ್ತರಿ ಹಾಕುವ ಮುಂಚೆ ಅಮ್ಮಿ ನನ್ನನ್ನು ನೋಡಿದಳು. "ಕತ್ತರಿಸು, ಎಣ್ಣಿ ಆರತೈತಿ," ಅಂದೆ. ಎಣ್ಣೆ ಆರುವುದಿಲ್ಲ, ಗೊತ್ತು. ಸರ್ಟಿಫಿಕೇಟುಗಳು ಸದ್ಯ ದಿಂಬಿನ ಚೀಲದಲ್ಲಿವೆ. ಇನ್ನೊಂದು ಫೈಲು ತರಬೇಕು.

ಪೊಗದಸ್ತಾದ ನಾಲ್ಕು ಕೋನು. ತುದಿಗೆ ಪೆನ್ನಿನ ಕೊಳವೆಯ ತುಂಡು ಇಟ್ಟು ಅಂಟಿಸಿದಳು. ಒಳಗನ್ನು ಒಮ್ಮೆ ಎಣ್ಣೆಯಿಂದಲೇ ತೊಳೆದು ಚೆಲ್ಲಿದೆವು. ಆಮೇಲೆ ಅಮ್ಮಿ ಗ್ವಾದಲಿಯ ಕೆಳಗೆ ಕುಳಿತಳು. ಮದುಮಗಳ ಅಂಗೈ ಹಿಡಿದಂತೆ ಮೋಟಾರಿನ ಕಾಲನ್ನು ಎಡಗೈಯಲ್ಲಿ ಹಿಡಿದು, ಕೆಳಗಿನ ತೂತಿಗೆ ತುದಿ ಒತ್ತಿ, ಬಳ್ಳಿ ಬಿಡಿಸುವ ನಿಧಾನದಲ್ಲೇ ಹಿಂಡತೊಡಗಿದಳು. ಒಂದು ಕೋನು ಮುಗಿದರೆ ಬೆರಳಿಂದ ತೂತು ಮುಚ್ಚಿ ಇನ್ನೊಂದು. ಒಂದು ಹನಿ ಹೊರಗೆ ಬೀಳಲಿಲ್ಲ. ಮೇಲಿನ ತೂತಿನಿಂದ ಮೊದಲು ಗಾಳಿ ಪುಸುಪುಸು, ಆಮೇಲೆ ಗುಳ್ಳೆ, ಗುಳ್ಳೆ, ಗುಳ್ಳೆ.

ಮೂರನೆಯದೂ ಮುಗಿಯಿತು. ಹೋದ ಸಲ ಇಷ್ಟರ ಅರ್ಧವೂ ಹಿಡಿದಿರಲಿಲ್ಲ.

ನಾಲ್ಕನೆಯದರ ನಡುವೆ ಗುಳ್ಳೆ ನಿಂತಿತು. ಜೇನಿನ ಬಣ್ಣದ ಎಣ್ಣೆ ಮೇಲಿನ ತೂತಿನ ಅಂಚಿಗೆ ಬಂದು ಇಣುಕಿತು.

"ಮ್ಯಾಲಿನ್ದು ಮೊದಲ ಮುಚ್ಚು."

ಹೇಳಿದ್ದು ನಾನಲ್ಲ, ಕಾಕಾನೂ ಅಲ್ಲ. ಹೊರಸಿನಿಂದ ಬಂತು. ಅಬ್ಬಾ ಗೋಡೆಗೆ ಮುಖ ಮಾಡಿ ಮಲಗಿದ್ದ, ಕಿವಿ ಮಾತ್ರ ನಮ್ಮ ಕಡೆ. ಕಿವಿಯೋಲೆಯ ಡಬ್ಬಿಯಿಂದ ಗೊಂಬೆಯ ಬಳೆ ತೆಗೆದು ತೊಡಿಸಿ ಮೇಲಿನ ಸ್ಕ್ರೂ ಬಿಗಿದೆ, ಆಮೇಲೆ ಅಮ್ಮಿಯ ಬೆರಳು ಸರಿಸಿ ಕೆಳಗಿನದು.

ಎಮ್ಮೆ ತಲೆಯಾಡಿಸಿತು. ಸಹಿ ಹಾಕಿದ ಹಾಗೆ.

ಫೆಬ್ರವರಿ 4, ಬುಧವಾರ

ಮೂರು ಸುತ್ತು. ಹಾಲಿಲ್ಲ. ಗೇರು ಒಮ್ಮೆ ಕಟಕ್ ಅಂತು, ಜಾರಲಿಲ್ಲ.

ಕಾಕಾ ಹುಟ್ಟನ್ನು ಮನೆಯಲ್ಲೇ ಮರೆತು ಬಂದಿದ್ದ. ನಡುನೀರಿಗೆ ಹೋದ ಮೇಲೆ ಹೇಳಿದ. ನಾನು ನಕ್ಕೆ, ಇಬ್ಬರೂ ನಕ್ಕೆವು, ಸುಮ್ಮನೆ ಇನ್ನೂ ದೂರ ಹೋದೆವು.

ಫೆಬ್ರವರಿ 9, ಸೋಮವಾರ

ಬಬಲೇಶ್ವರದ ಸಾಹೇಬರು ಜೀಪಿನಿಂದ ಇಳಿದವರೇ ಕೇಳಿದರು, "ನಡಸಾವ್ರು ಯಾರ್ರೀ?"

ಎಲ್ಲರೂ ನನ್ನ ಕಡೆ ನೋಡಿದರು. ನಾನೂ ಹಿಂದೆ ತಿರುಗಿ ನೋಡಿದೆ, ಹಿಂದೆ ಕೆರೆ ಇತ್ತು.

ಅಬ್ಬಾನನ್ನು ಹೊರಸಿನ ಸಮೇತ ಹೊತ್ತು ತಂದು ಮೆಟ್ಟಿಲ ಮೇಲೆ ಇಟ್ಟಿದ್ದರು. ಸೋನಾಬಾಯಿಯ ಗುಂಪು ಜಾಕೀಟು ತೊಟ್ಟು, ಬುತ್ತಿ ಗಂಟಿನ ಸಮೇತ ಹತ್ತಿತು. ಪರೀಕ್ಷೆ ಮಾಡುವುದಾದರೆ ಪೂರ್ತಿ ಭಾರದಲ್ಲೇ ನೋಡ್ರಿ ಎಂದು ಅವಳು ಸಾಹೇಬರನ್ನೂ ಜಗ್ಗಿ ಕೂಡಿಸಿಕೊಂಡಳು. ಖಂಡಪ್ಪ ದಂಡೆಯಲ್ಲೇ ಉಳಿದ. "ಯಾಕ್ರೀ ಅಧ್ಯಕ್ಷರ, ಬರ್ರಿ," ಅಂದಳು. "ನನಗ ಮೀಟಿಂಗ ಐತಿ," ಅಂದ. ಕೆರೆಯ ದಂಡೆಯಲ್ಲಿ ಯಾರ ಜೊತೆಯೋ, ಬಹುಶಃ ಆಮೆಯ ಜೊತೆ.

ಏಳು ಕೆಮ್ಮು. ಗೇರು ಬಿತ್ತು. ಹೊರಟೆವು. ಇಷ್ಟು ಭಾರ ಈವರೆಗೆ ಹೊತ್ತಿರಲಿಲ್ಲ, ದೋಣಿಯ ಅಂಚು ನೀರಿಗೆ ಇಳಿದಿತ್ತು. ನಡುವೆ ಬಂದಾಗ ಕಟಕ್ ಅಂತು. ಹೆಂಗಸರು ಬುತ್ತಿ ಗಂಟು ಅವಚಿಕೊಂಡರು. ಅಬ್ಬಾ ದಂಡೆಯಲ್ಲಿ ಮೊಳಕೈ ಊರಿ ಏಳುವುದು ಕಾಣಿಸಿತು. ನಾನು ಹಿಡಿಕೆಯನ್ನು ಒಂದು ಕೂದಲೆಳೆ ಸಡಿಲಿಸಿ, ಹಲ್ಲು ಕೂಡಲು ಬಿಟ್ಟು, ಮೆಲ್ಲಗೆ ಮತ್ತೆ ತಿರುವಿದೆ. ಕೂತಿತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕೈಯೇ ಮಾಡಿತು.

ಆಚೆ ಮುಟ್ಟಿದೆವು. ತಿರುಗಿದೆವು. ಬರುವಾಗ ಸೋನಾಬಾಯಿ ಸಾಹೇಬರಿಗೆ ದ್ರಾಕ್ಷಿ ಕೊಟ್ಟಳು. ಅವರು ತಿನ್ನುತ್ತ, "ಸಪ್ಪಳ ಭಾಳ ಮಾಡತೈತ್ರಿ" ಅಂದರು, ಆದರೂ ಪರವಾನಗಿ ಕೊಟ್ಟೇನಿ ಅಂದರು. ಹೆಂಗಸರು ಸಿಳ್ಳೆ ಹೊಡೆದರು. ಎರಡು ಬೆರಳಿಟ್ಟು, ಗಂಡಸರಿಗಿಂತ ಜೋರಾಗಿ.

ಸಂಜೆ ಅಬ್ಬಾ ಎಣ್ಣೆ ನೋಡಬೇಕು ಅಂದ. ಸ್ಕ್ರೂ ಸಡಿಲಿಸಿ ಒಂದು ಹನಿಯನ್ನು ಅವನ ಅಂಗೈಗೆ ಬಿಟ್ಟೆ. ಉಜ್ಜಿದ, ಮೂಸಿದ, ದೀಪಕ್ಕೆ ಹಿಡಿದ. ಜೇನು.

"ಹಳೇ ಸುತಳಿ ಎಲ್ಲಿ ಐತಿ?"

"ಒಲಿಗೆ ಹಾಕಿದೆ."

ಅಂಗೈಯ ಎಣ್ಣೆಯನ್ನು ಪ್ಲಾಸ್ಟರಿಗೆ ಒರೆಸಿದ. "ನನ್ನ ಕಾಲು ಮುರದದ್ದು ಆ ಸುತಳಿಲೆ ಅಂತ ನಿನಗ ಗೊತ್ತಿತ್ತು ಹೌದಿಲ್ಲ?"

"ನನಗ ಏನ್ ಗೊತ್ತು ಅಬ್ಬಾ, ನಾ ಕಾಮರ್ಸ್," ಅಂದೆ.

ಅವನು ನಗಲು ಶುರು ಮಾಡಿದ. ಪ್ಲಾಸ್ಟರಿನ ಕಾಲು ಅಲುಗಾಡಿ ನೋವಾಯಿತು, ಬೈದ, ಮತ್ತೆ ನಕ್ಕ. ಎಲ್ಲ ಕನ್ನಡದಲ್ಲೇ.

ಫೆಬ್ರವರಿ 11, ಬುಧವಾರ

ಅಬ್ಬಾನ ಪ್ಲಾಸ್ಟರ್ ತೆಗೆಸಿಕೊಂಡು ಬಂದೆ. ಬೆಳಿಗ್ಗೆ ಸೋನಾಬಾಯಿಯ ಗುಂಪನ್ನು ಆಚೆ ಬಿಟ್ಟು, ಸಂಜೆಗೆ ಬರುತ್ತೇನೆಂದು ಹೇಳಿ, ವಿಜಯಪುರದ ಬಸ್ಸು ಹಿಡಿದೆವು. ಕಾಲು ಕೂಡಿದೆ, ಸ್ವಲ್ಪ ಸೊಟ್ಟ. "ಗೇರಿನಂಗ, ನಡೀತೈತಿ," ಅಂದ ಅಬ್ಬಾ. ಅಮೀನಸಾಬರ ಅಂಗಡಿಗೆ ಹೋಗಿ ಇನ್ನಷ್ಟು ಗೊಂಬೆಯ ಬಳೆ ತಂದೆ. ಅವರು ಈಗ ಕನ್ನಡಕ ಒರೆಸುವುದಿಲ್ಲ, "ಬರ್ರಿ ಕಪ್ತಾನರ" ಅನ್ನುತ್ತಾರೆ.

ಬಸ್ ಸ್ಟ್ಯಾಂಡಿನಲ್ಲಿ ಗದ್ದಲ. ಕಂಡಕ್ಟರನೊಬ್ಬ ಬೆಳಗಾಂವ, ಬೆಳಗಾಂವ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಈ ಬಿಸಿಲಿನಲ್ಲಿ ಅಷ್ಟು ದೂರ ಹೋಗುವವರು, ಪಾಪ. ಅಬ್ಬಾ ಬಡಿಗೆ ಊರಿ ಅಲ್ಲೇ ನಿಂತುಬಿಟ್ಟ.

"ಇವತ್ತ ಎಷ್ಟನೇ ತಾರೀಖು ಬೇ?"

"ಹನ್ನೊಂದು."

"ನಿಂದೇನರ ಕೆಲಸಿತ್ತೇನು ಇವತ್ತ?"

"ಇತ್ತಲ್ಲ, ಗ್ರೀಸು ತಗೋಳೂದು ಮರತ್ವಿ. ಹೋಗ್ಲಿ, ಟಿಕೋಟಾದಾಗ ಸಿಗತೈತಿ. ನಮ್ಮ ಬಸ್ಸು ಆ ಕಡೆ ಐತಿ, ಬಾ."

ಅವನು ಆ ಬಸ್ಸನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟು, "ಚಲೋ ಬೇಟಾ, ಘರ್ ಚಲೇಂ," ಅಂದ.

ಇಷ್ಟು ದಿನ ಇಲ್ಲದ ಉರ್ದು ಇವತ್ತು ಎಲ್ಲಿಂದ ಬಂತೋ. ಪ್ಲಾಸ್ಟರ್ ಬಿಚ್ಚಿದ ಖುಷಿ ಇರಬೇಕು.

ನಾಳೆ ಸೋನಾಬಾಯಿ ಬೇಗ ಬರುತ್ತಾಳೆ, ಆಚೆ ಹೊಸ ತೋಟದ ಕೊಯ್ಲು. ಹೊರಡುವ ಮುಂಚೆ ಎರಡೂ ಸ್ಕ್ರೂ ಮುಟ್ಟಿ ನೋಡಬೇಕು. ಮೇಲಿನದು ಮೊದಲು.